ಗಾಳಿ ಯಾರ ಕಡೆಗೆ

ಅಕ್ಕನ ವ್ಯಾನು ನನ್ನ ಶೆಡ್ಡಿನೊಳಗೆ ಇದ್ದಷ್ಟು ಹೊತ್ತು ಮಹಾ ಸಾಧು. ಎಂಜಿನ್ ಚಾಲೂ ಮಾಡಿಟ್ಟು ಡ್ರೈವರ್ ಸೀಟಿನಲ್ಲಿ ಕೂತು, ಬಿಸಿ ತೋರಿಸುವ ಸೂಜಿಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರೂ ಅದು ನಡುಗೆರೆ ಬಿಟ್ಟು ಅಲ್ಲಾಡುವುದಿಲ್ಲ. ಪೇಟೆಯ ಸಮತಟ್ಟು ರಸ್ತೆಯಲ್ಲಿ ಓಡಿಸಿದರೂ ಅಷ್ಟೇ. ಅದೇ ವ್ಯಾನು ಗುಡ್ಡದ ರಸ್ತೆ ಹತ್ತಿ, ಜಲ್ಲಿ ಒಡೆಯುವ ಜಾಗ ದಾಟಿ, ದೊಡ್ಡ ತಿರುವಿಗೆ ಬಂತೋ ಇಲ್ಲವೋ, ಸೂಜಿ ಎದ್ದು ಕೆಂಪು ಗೆರೆಗೆ ಹೋಗಿ ಕೂತುಬಿಡುತ್ತದೆ. ಇದು ಗಾಡಿಯ ಕಾಯಿಲೆಯಲ್ಲ, ನನ್ನ ಮೇಲಿನ ಹಗೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಮೆಕ್ಯಾನಿಕ್. ಕೋಪ ಮೂಗಿನ ತುದಿಯಲ್ಲೇ ಇರುವ ಮೆಕ್ಯಾನಿಕ್ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಈ ವ್ಯಾನಿಗೆ ನಾನು ಮಾಡದೆ ಬಿಟ್ಟ ಸೇವೆಯಿಲ್ಲ. ರೇಡಿಯೇಟರ್ ಕಳಚಿ ಒಳಗೂ ಹೊರಗೂ ತೊಳೆದೆ. ಅದರ ಮುಚ್ಚಳ ಬದಲಾಯಿಸಿದೆ. ಎಂಜಿನ್ ಕಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟನ್ನು ಕಿತ್ತು, ಮನೆಯಿಂದ ಪಾತ್ರೆ ತಂದು ಕುದಿಯುವ ನೀರಿನಲ್ಲಿ ಮುಳುಗಿಸಿ ನೋಡಿದೆ. ಸರಿಯಾಗಿಯೇ ಬಾಯಿ ಬಿಟ್ಟಿತು. ಆದರೂ ಸಿಟ್ಟಿಗೆ ಅದನ್ನು ಎಸೆದು ಹೊಸದು ಹಾಕಿದೆ. ನನ್ನ ಹೆಂಡತಿ ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ವಾಟರ್ ಪಂಪ್ ಬಿಚ್ಚಿದೆ, ಅದರ ರೆಕ್ಕೆಗಳು ಹೊಸದರಂತೆ ಹೊಳೆಯುತ್ತಿದ್ದವು. ನೋಡಿ ಮೈ ಪರಚಿಕೊಳ್ಳುವ ಹಾಗಾಯಿತು. ಕೆಟ್ಟದ್ದು ಸಿಕ್ಕಿದರೆ ಸಂತೋಷಪಡುವ ಕಸುಬು ನನ್ನದು. ಒಂದಾದರೂ ಕೆಟ್ಟಿರಬಾರದೇ?

ಅಕ್ಕ ಈ ವ್ಯಾನಿನಲ್ಲಿ ಡಯಾಲಿಸಿಸ್ ರೋಗಿಗಳನ್ನು ಗುಡ್ಡದಾಚೆಯ ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ದಿನ ಬಿಟ್ಟು ದಿನ ಅದೇ ಮುಖಗಳು, ಅದೇ ಸೀಟುಗಳು. ಅವರಿಗೆಲ್ಲ ಯಂತ್ರದ ಮುಂದೆ ಗೊತ್ತಾದ ಹೊತ್ತಿದೆ. ಆ ಹೊತ್ತಿಗೆ ತಲುಪದಿದ್ದರೆ ಯಂತ್ರ ಮುಂದಿನವರಿಗೆ ಹೋಗುತ್ತದೆ, ಇವರು ಮೈಯಲ್ಲಿ ನೀರು ತುಂಬಿಕೊಂಡು ಮನೆಗೆ ವಾಪಸ್. ಹೋದ ವಾರ ಹಾಗೆಯೇ ಆಯಿತು. ಗಾಡಿ ತಿರುವಿನಲ್ಲಿ ಹಬೆಯೆಬ್ಬಿಸಿ ನಿಂತು, ತಣ್ಣಗಾಗಿ, ತೆವಳಿಕೊಂಡು ಆಸ್ಪತ್ರೆ ಸೇರುವಷ್ಟರಲ್ಲಿ ಮುಂದಿನ ಸೀಟಿನ ಮೇಷ್ಟ್ರ ಪಾಳಿ ಹೋಗಿತ್ತು. ಮರುದಿನ ಅವರ ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಕುರ್ಚಿಯಲ್ಲೇ ಕೂತಿದ್ದರಂತೆ. ಆಸ್ಪತ್ರೆಯ ಮ್ಯಾನೇಜರು ಅಕ್ಕನನ್ನು ಕರೆದು, ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಬೇರೆ ಗಾಡಿ ಗೊತ್ತು ಮಾಡುತ್ತೇವೆ ಎಂದು ಹೇಳಿ ಕಳಿಸಿದರು. ಅಕ್ಕ ಎರಡೂ ಮನೆಯವರ ವಿರೋಧ ಕಟ್ಟಿಕೊಂಡು ಸ್ಟಿಯರಿಂಗ್ ಹಿಡಿದವಳು. ಆ ಕೆಲಸ ಅವಳದ್ದೇ, ಯಾರೂ ಕೊಡಿಸಿದ್ದಲ್ಲ.

ಇಷ್ಟಾದರೂ ಭಾವ ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಭಾವ ಗಾಡಿಗಳ ಎಲೆಕ್ಟ್ರಿಷಿಯನ್. ಅವರ ಅಂಗಡಿ ನನ್ನ ಶೆಡ್ಡಿಗೆ ಅಂಟಿಕೊಂಡೇ ಇದೆ, ನಡುವೆ ಒಂದು ತಗಡು. ಆ ತಗಡಿನಾಚೆ ಅವರು ಕೆಮ್ಮಿದರೂ ನನಗೆ ಕೇಳುತ್ತದೆ. ಆದರೆ ನಾವು ಮಾತು ಬಿಟ್ಟು ವರ್ಷ ದಾಟಿದೆ.

ಕಾರಣ ಹೇಳಿದರೆ ನಗುತ್ತೀರಿ. ಒಬ್ಬ ಗಿರಾಕಿಯ ಕಾರು ಚಾಲೂ ಆಗದೆ ನಾನು ಪೆಟ್ರೋಲ್ ಎಳೆಯುವ ಪಂಪಿನಿಂದ ಹಿಡಿದು ಎಲ್ಲ ಬಿಚ್ಚಿ ಹರಡಿಕೊಂಡು ಕೂತಿದ್ದೆ. ಭಾವ ಚಹಾದ ಲೋಟ ಹಿಡಿದು ಹಾಗೇ ಸುಮ್ಮನೆ ಬಂದರು, ಬ್ಯಾಟರಿಯ ಸಡಿಲ ತಂತಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಕಾರು ಚಾಲೂ ಮಾಡಿಸಿದರು. ಅಷ್ಟಕ್ಕೇ ಹೋಗಿದ್ದರೆ ಸರಿಯಿತ್ತು. "ಬಾಮೈದ, ಸ್ಪ್ಯಾನರ್ ಹಿಡಿಯೋ ಮುಂಚೆ ಕಣ್ಣು ಬಿಡಬೇಕಪ್ಪ" ಅಂದರು. ಗಿರಾಕಿ ಹಲ್ಲು ಕಿರಿದ. ನಾನು ಉರಿದುಬಿದ್ದೆ. "ಬಲ್ಬ್ ಹಾಕೋರಿಗೆ ಎಂಜಿನ್ ವಿಷಯ ಯಾಕೆ?" ಎಂದೆ. ಅಲ್ಲಿಗೆ ಮುಗಿಯಿತು. ಅಂದಿನಿಂದ ಒಂದು ಅಲಿಖಿತ ಒಪ್ಪಂದ ಜಾರಿಗೆ ಬಂತು. ತಂತಿ ಇರುವುದೆಲ್ಲ ಅವರದ್ದು, ನಟ್ಟು ಬೋಲ್ಟು ಇರುವುದೆಲ್ಲ ನನ್ನದು. ಯಾರೂ ಗಡಿ ದಾಟುವಂತಿಲ್ಲ.

ಆದರೆ ಗಾಡಿಗಳಿಗೆ ನಮ್ಮ ಜಗಳ ಗೊತ್ತಾಗಬೇಕಲ್ಲ. ಅರ್ಧ ಕೆಲಸ ಇಲ್ಲಿ, ಅರ್ಧ ಕೆಲಸ ಅಲ್ಲಿ. ಹಾಗಾಗಿ ಅಕ್ಕನೇ ನಮ್ಮ ಟಪಾಲು. "ಭಾವನಿಗೆ ಹೇಳು, ಹಾರನ್ ತಂತಿ ಸುಟ್ಟಿದೆ." "ನಿನ್ನ ತಮ್ಮನಿಗೆ ಹೇಳು, ಸುಡದೆ ಇನ್ನೇನಾಗುತ್ತೆ, ಅವನು ತಾನೇ ಎಂಜಿನ್ ಮೇಲೆ ಎಳೆದಿದ್ದು." ಅಕ್ಕ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಬೈಗುಳ ಇದ್ದರೆ ಅವಳು ಅದನ್ನು ದಾರಿಯಲ್ಲೇ ಉದುರಿಸಿ, ಉಳಿದದ್ದನ್ನು ಮಾತ್ರ ತಲುಪಿಸುತ್ತಿದ್ದಳು. ಅವಳೇನಾದರೂ ಗಂಡನ ಪರ ಒಂದು ಮಾತಾಡಿದರೆ ನಾನು ಸುಮ್ಮನಿರುತ್ತಿರಲಿಲ್ಲ. "ನೀನು ಈಗ ಯಾರ ಕಡೆ ಅಕ್ಕ?" ಎಂದು ಕೇಳಿಯೇ ಬಿಡುತ್ತಿದ್ದೆ.

ಶನಿವಾರ ಮಧ್ಯಾಹ್ನ ಅಕ್ಕ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ವ್ಯಾನು ಎಂದಿನಂತೆ ಮೂತಿಯನ್ನು ತಗಡಿಗೆ ತಾಗಿಸಿಕೊಂಡು ನಿಂತಿತ್ತು. ನನ್ನ ಶೆಡ್ಡು ಇಕ್ಕಟ್ಟು, ಬೇರೆ ರೀತಿ ನಿಲ್ಲಿಸಲು ಜಾಗವಿಲ್ಲ. ನಾನು ಸೋತುಹೋಗಿದ್ದೆ.

"ಇನ್ನೇನೂ ಉಳಿದಿಲ್ಲ ಅಕ್ಕ. ಎಂಜಿನ್ ತಲೆ ಬಿಚ್ಚಬೇಕು. ಒಳಗೆ ಸಂದಿ ಮುಚ್ಚೋ ಗ್ಯಾಸ್ಕೆಟ್ ಹೋಗಿರಬೇಕು."

"ಎಷ್ಟು ಹಿಡಿಯುತ್ತೆ?"

"ತಲೆ ಬಿಚ್ಚಿ, ಉಜ್ಜಿಸೋಕೆ ಕಳಿಸಿ, ಜೋಡಿಸಿ... ವಾರ ಬೇಕು."

"ವಾರ ಗಾಡಿ ನಿಂತ್ರೆ ಕೆಲಸ ಹೋಯ್ತು ಅಂತಾನೇ ಲೆಕ್ಕ. ಗೊತ್ತಲ್ಲ ನಿಂಗೆ?"

"ಗೊತ್ತಿಲ್ದೆ ಏನು? ನನಗೇನು ಬಿಚ್ಚೋ ಚಟವಾ?"

"ಗ್ಯಾಸ್ಕೆಟ್ ಹೋಗಿದ್ರೆ ಇಲ್ಲಿ ನಿಂತಾಗ್ಲೂ ಕಾಯಬೇಕಲ್ವೇನೋ?"

ಅದೇ ಪ್ರಶ್ನೆ ನನ್ನ ತಲೆಯನ್ನೂ ಕೊರೆಯುತ್ತಿತ್ತು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬೇರೆಯವರ ಬಾಯಲ್ಲಿ ಬಂದರೆ ನನಗೆ ರೇಗುತ್ತದೆ. "ಹಾಗಾದ್ರೆ ನೀನೇ ಮಾಡ್ಕೋ" ಎಂದು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದೆ. ಅದು ಹಾರಿ ನನ್ನ ಮೊಣಕಾಲಿಗೇ ಬಡಿಯಿತು. ತಗಡಿನಾಚೆ ಭಾವ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. ನಕ್ಕಿದ್ದೇ ಇರಬೇಕು.

ಅಕ್ಕ ನೋವಾಯಿತಾ ಎಂದು ಕೂಡ ಕೇಳಲಿಲ್ಲ. "ನಾಳೆ ಬೆಳಿಗ್ಗೆ ಗುಡ್ಡಕ್ಕೆ ಹೋಗೋಣ. ನೀನೂ ಬಾ. ಅಲ್ಲೇ ನಿಂತು ನೋಡು. ಅಲ್ಲೂ ಏನೂ ಸಿಗದಿದ್ರೆ ತಲೆ ಬಿಚ್ಚುವಿಯಂತೆ, ನಾನೇ ಮ್ಯಾನೇಜರಿಗೆ ಫೋನ್ ಮಾಡಿ ಬೇರೆ ಗಾಡಿ ನೋಡ್ಕೊಳ್ಳಿ ಅಂತ ಹೇಳ್ತೀನಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಜಗಳ ಆಡಿ ಹಗುರಾಗುತ್ತಿದ್ದೆ.

ಭಾನುವಾರ ಹೊರಡುವಾಗ ನೋಡಿದರೆ ಮೇಷ್ಟ್ರು ಆಗಲೇ ಮುಂದಿನ ಸೀಟಿನಲ್ಲಿ, ಮಡಿಚಿದ ಪೇಪರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಅವರು ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದವರು. "ನಾಳೆ ಹೋಗ್ಬೇಕಾದವನು ನಾನು. ಗಾಡಿ ಪರೀಕ್ಷೆ ಬರೆಯುವಾಗ ನಾನಿರಬೇಡವಾ?" ಎಂದರು. ಊದಿದ ಪಾದಗಳಿಗೆ ಮಗನ ಅಗಲ ಚಪ್ಪಲಿ ಹಾಕಿಕೊಂಡಿದ್ದರು. ನಾನು ಹಿಂದೆ ಹತ್ತಿದೆ.

ಪೇಟೆಯೊಳಗೆ ಸೂಜಿ ನಡುವೆ. ಸೇತುವೆ ಮೇಲೆ ನಡುವೆ. ಏರು ಶುರುವಾಯಿತು, ಅಕ್ಕ ಗೇರು ಇಳಿಸಿದಳು. ಜಲ್ಲಿ ಒಡೆಯುವ ಜಾಗ ದಾಟುವಾಗ ಮೇಷ್ಟ್ರು ಕ್ರಿಕೆಟ್ ವರದಿ ಒಪ್ಪಿಸುವವರ ಹಾಗೆ ಆರಂಭಿಸಿದರು. "ಎದ್ದಿತು. ಸ್ವಲ್ಪ ಎದ್ದಿತು. ಫ್ಯಾನು ತಿರುಗ್ತಾ ಇದೆ, ಸದ್ದು ಬಂತು. ಇನ್ನು ಇಳಿಬೇಕು. ಇಳಿದಿಲ್ಲ. ಇನ್ನೂ ಎದ್ದಿತು."

"ಮೇಷ್ಟ್ರೇ, ದಯವಿಟ್ಟು ಸುಮ್ನಿರಿ" ಎಂದೆ.

ಅಕ್ಕ ಹೀಟರನ್ನು ಪೂರ್ತಿ ತಿರುಗಿಸಿದಳು. ಎಂಜಿನ್‌ನ ಬಿಸಿಯನ್ನು ಸ್ವಲ್ಪ ಗಾಡಿಯೊಳಕ್ಕೆ ಎಳೆದುಕೊಂಡರೆ ಸೂಜಿ ಇಳಿಯುತ್ತದೆಂದು ನಾನೇ ಹೇಳಿಕೊಟ್ಟ ಉಪಾಯ ಅದು. ಮೂವರೂ ಬೆವೆತು ನೀರಾದೆವು. ರೋಗಿಗಳನ್ನು ತುಂಬಿಕೊಂಡು ಅವಳು ಈ ಬಿಸಿಯಲ್ಲಿ ಇಷ್ಟು ದಿನ ಈ ಏರು ಹತ್ತಿದ್ದಾಳೆ ಎಂಬುದು ನನಗೆ ಆಗಲೇ ಮನಸ್ಸಿಗೆ ನಾಟಿದ್ದು. ದೊಡ್ಡ ತಿರುವಿನಲ್ಲಿ ಸೂಜಿ ಕೆಂಪು ಮುಟ್ಟಿತು. ಅಕ್ಕ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದಳು. ನಾನು ಹೇಳಿಕೊಟ್ಟಿದ್ದಂತೆ ಎಂಜಿನ್ ಆರಿಸಲಿಲ್ಲ.

ನಾನು ಇಳಿದು ಬಾನೆಟ್ ಎತ್ತಿದೆ. ಬದಿಯಿಂದ ಬಗ್ಗಿ ನೋಡಿದರೆ ಎಲ್ಲವೂ ಸರಿ. ಬೆಲ್ಟು ಓಡುತ್ತಿದೆ, ಪೈಪುಗಳು ಬಿಗಿಯಾಗಿವೆ, ಎಲ್ಲೂ ಸೋರಿಲ್ಲ, ರೇಡಿಯೇಟರಿನ ಹಿಂದಿರುವ, ಎಂಜಿನ್ ಕಾದಾಗ ಮಾತ್ರ ಏಳುವ ಕರೆಂಟ್ ಫ್ಯಾನು ಭರ್ರೆಂದು ತಿರುಗುತ್ತಿದೆ. ತಲೆ ಕೆಟ್ಟು ಟೈರಿಗೆ ಒದ್ದೆ. ಒದ್ದದ್ದು ಹಿಂದಿನ ದಿನ ಪೆಟ್ಟು ಬಿದ್ದ ಕಾಲಿನಲ್ಲೇ.

ಮೇಷ್ಟ್ರು ಮೆಲ್ಲಗೆ ಇಳಿದು, ಗಾಡಿ ಹಿಡಿದುಕೊಂಡೇ ಮೂತಿಯ ಮುಂದಕ್ಕೆ ಬಂದು ನಿಂತರು. "ಅಬ್ಬ, ಏನ್ ಬಿಸಿಗಾಳಿ ಮಾರಾಯ ಇಲ್ಲಿ! ತೊಳೆದ ಬಟ್ಟೆ ಒಣಗಿಸಬಹುದು" ಎಂದರು.

"ಅಲ್ಲಿ ಬಿಸಿಗಾಳಿ ಬರಲ್ಲ ಮೇಷ್ಟ್ರೇ. ಫ್ಯಾನು ಗಾಳೀನ ಮುಂದಿಂದ ಒಳಕ್ಕೆ ಎಳ್ಕೊಳ್ಳುತ್ತೆ. ನಿಮಗೆ ರಸ್ತೆ ಬಿಸಿ ಬಡಿತಿರಬೇಕು."

"ರಸ್ತೆ ಬಿಸಿ ಹೀಗೆ ಎದುರಿಂದ ಬಡಿಯುತ್ತೇನಪ್ಪ? ಪಂಚೆ ನೋಡು."

ಅವರ ಪಂಚೆ ಹಿಂದಕ್ಕೆ ಹಾರಿ ಕಾಲಿಗೆ ಅಂಟಿಕೊಂಡಿತ್ತು. ಮರದ ಎಲೆ ಒಂದೂ ಅಲ್ಲಾಡುತ್ತಿರಲಿಲ್ಲ. ನಾನು ಅವರ ಕೈಯಿಂದ ಪೇಪರ್ ಕಸಿದುಕೊಂಡು ಒಂದು ಹಾಳೆ ಬಿಡಿಸಿ ಗಾಡಿಯ ಮೂತಿಗೆ ಹಿಡಿದು ಕೈಬಿಟ್ಟೆ. ಸರಿಯಿರುವ ಗಾಡಿಯಲ್ಲಿ ಹಾಳೆ ಅಲ್ಲೇ ಅಂಟಿ ನಿಲ್ಲಬೇಕು. ಇದು ಹಾರಿಬಂದು ನನ್ನ ಮುಖವನ್ನೇ ಮುಚ್ಚಿತು.

ಹಾಳೆಯ ಹಿಂದೆ ಹಾಗೇ ಒಂದು ಕ್ಷಣ ನಿಂತಿದ್ದೆ. ಫ್ಯಾನು ಉಲ್ಟಾ ತಿರುಗುತ್ತಿತ್ತು. ನಿಂತ ಗಾಡಿಗೆ ಗಾಳಿ ಯಾವ ಕಡೆಯಿಂದ ಬಂದರೂ ಹೇಗೋ ನಡೆಯುತ್ತದೆ. ಸಮತಟ್ಟು ರಸ್ತೆಯಲ್ಲಿ ಎದುರುಗಾಳಿಯೇ ಸಾಕು, ಫ್ಯಾನು ಏಳುವುದೇ ಇಲ್ಲ. ಏರಿನಲ್ಲಿ ಎಂಜಿನ್ ಕಾಯುತ್ತದೆ, ಫ್ಯಾನು ಎದ್ದು ಹೊರಕ್ಕೆ ಊದುತ್ತದೆ, ಎದುರಿನ ಗಾಳಿ ಒಳಕ್ಕೆ ನುಗ್ಗುತ್ತದೆ, ಎರಡೂ ರೇಡಿಯೇಟರಿನಲ್ಲಿ ಒಂದಕ್ಕೊಂದು ಢಿಕ್ಕಿ ಹೊಡೆದು ಅಲ್ಲೇ ನಿಲ್ಲುತ್ತವೆ. ಫ್ಯಾನು ತಿರುಗುತ್ತಿದೆಯೇ ಎಂದು ನಾನು ನೂರು ಸಲ ನೋಡಿದ್ದೆ. ಯಾವ ಕಡೆಗೆ ಎಂದು ಒಂದು ಸಲವೂ ನೋಡಿರಲಿಲ್ಲ. ತಂತಿ ಇರುವುದು ನನ್ನದಲ್ಲವಲ್ಲ.

"ಭಾವ!" ಎಂದು ಕಿರುಚಿದೆ. "ಭಾವನ ಕೆಲಸ ಇದು! ಹೋಗಿ ಹೇಳು ಅಕ್ಕ, ಆ ಮಹಾನುಭಾವನಿಗೆ ಹೇಳು, ತಂತಿ ಉಲ್ಟಾ ಜೋಡಿಸಿದ್ದೀರಿ ಅಂತ! ನನ್ನ ಮೇಲಿನ ಸಿಟ್ಟಿಗೆ ಹೆಂಡತಿ ಗಾಡೀನೇ..."

"ಸಾಕು" ಎಂದಳು ಅಕ್ಕ. ಡ್ರೈವರ್ ಬಾಗಿಲು ತೆರೆದು, ಕಾಲು ಹೊರಗಿಟ್ಟು ಕೂತಿದ್ದಳು. "ಹಳೇ ಫ್ಯಾನು ಸುಟ್ಟುಹೋದಾಗ ಗುಜರಿಯಿಂದ ಬೇರೆ ತಂದ್ಯಲ್ಲ. ಅದರ ಎರಡು ತಂತಿನೂ ಕಪ್ಪು, ಯಾವುದು ಯಾವ್ದಕ್ಕೆ ಅಂತ ಗುರುತಿರಲಿಲ್ಲ. ಆಗ ನನ್ನ ಕೈಲಿ ಏನು ಹೇಳಿ ಕಳಿಸಿದೆ?"

"ಸರಿಯಾಗೇ ಹೇಳಿದ್ದೆ. ಗಾಳಿ ನಮ್ಮ ಕಡೆ ಬರ್ಬೇಕು ಅಂದಿದ್ದೆ."

"ನಾನೂ ಹಾಗೇ ಹೇಳಿದೆ. ಅವರು ಅಂಗಡಿ ಮುಂದೆ ಬಾನೆಟ್ ಎತ್ತಿ, ಗಾಡಿಗೆ ಮುಖ ಮಾಡಿ ನಿಂತಿದ್ರು. ನಮ್ಮ ಕಡೆ ಅಂದ್ರೆ ಯಾರ ಕಡೆ, ಕೇಳ್ಕೊಂಡು ಬಾ ಅಂದ್ರು. ನಾನು ಬಂದು ಕೇಳಿದೆ. ನೀನು ಏನಂದೆ ನೆನಪಿದ್ಯಾ?"

ನೆನಪಿತ್ತು. ನಾನು ಆಗ ಬೇರೊಂದು ಗಾಡಿಯ ಕೆಳಗೆ ಮಲಗಿದ್ದೆ. ಕಣ್ಣಿಗೆ ಎಣ್ಣೆ ಬಿದ್ದಿತ್ತು. 'ನಮ್ಮ ಕಡೆ ಅಂದ್ರೆ ನಮ್ಮ ಕಡೆ! ಅಷ್ಟೂ ಗೊತ್ತಾಗಲ್ವಂತಾ ಆಯಪ್ಪನಿಗೆ?' ಎಂದು ಕೂಗಿದ್ದೆ. ನನ್ನ ಲೆಕ್ಕದಲ್ಲಿ ನಾವು ಎಂದರೆ ಗಾಡಿಯೊಳಗೆ ಕೂತವರು, ಗಾಳಿ ಎಂಜಿನ್ ಕಡೆಗೆ ಬರಬೇಕು. ಗಾಡಿಯ ಮುಂದೆ ನಿಂತವರಿಗೆ ನಾವು ಎಂದರೆ ಗಾಡಿಯ ಮುಂದೆ ನಿಂತವರು.

ಮೇಷ್ಟ್ರು ಪೇಪರನ್ನು ಮಡಿಚಿಕೊಳ್ಳುತ್ತ, "ಗಾಡಿ ಕೆಟ್ಟಿಲ್ಲ ಬಿಡು. ಸರ್ವನಾಮ ಕೆಟ್ಟಿದೆ" ಎಂದರು.

ನನಗೆ ನಗು ಬರಲಿಲ್ಲ. ಅಕ್ಕನಿಗೂ ಬರಲಿಲ್ಲ. ಅವಳು ಸೀರೆಯ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದಳು. "ವರ್ಷದಿಂದ ಓಡಾಡ್ತಿದೀನಿ ಕಣೋ. ಅಲ್ಲಿ ಹೋದ್ರೆ ನಿಮ್ಮ ಕಡೆಯವರು ಅಂತಾರೆ. ಇಲ್ಲಿ ಬಂದ್ರೆ ನೀನ್ಯಾರ ಕಡೆ ಅಂತ ಕೇಳ್ತೀಯ. ನನಗೆ ಯಾವ್ದು ನಮ್ಮ ಕಡೆ ಅಂತಾನೇ ಗೊತ್ತಿಲ್ಲ. ಇನ್ನು ಯಾರ ಮಾತೂ ನಾನು ಹೊರಲ್ಲ. ನೀನೇ ಹೋಗಿ ಹೇಳು. ಇಲ್ಲಾಂದ್ರೆ ತಲೆ ಬಿಚ್ಚು."

ಗಾಡಿ ತಣ್ಣಗಾದ ಮೇಲೆ ಇಳಿಜಾರಿನಲ್ಲಿ ವಾಪಸ್ ಬಂದೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಆ ಎರಡು ತಂತಿ ಅದಲು ಬದಲು ಮಾಡುವುದಕ್ಕೆ ನನಗೂ ಬರುತ್ತದೆ. ಭಾವನಿಗೆ ಗೊತ್ತಾಗದ ಹಾಗೆ ಮಾಡಿ ಮುಗಿಸಿಬಿಡಬಹುದು. ಅಕ್ಕನ ಮುಖವನ್ನು ಕನ್ನಡಿಯಲ್ಲಿ ನೋಡಿ ಆ ಯೋಚನೆ ಬಿಟ್ಟೆ. ಅವಳು ವ್ಯಾನನ್ನು ಶೆಡ್ಡಿಗೆ ಒಯ್ಯಲಿಲ್ಲ. ಭಾವನ ಅಂಗಡಿ ಮುಂದೆ ನಿಲ್ಲಿಸಿ, ಎಂಜಿನ್ ಆರಿಸಿ, ಎರಡೂ ಕೈಯನ್ನು ಸ್ಟಿಯರಿಂಗ್ ಮೇಲಿಟ್ಟು ಕೂತುಬಿಟ್ಟಳು.

ಭಾವ ಸ್ಟೂಲಿನ ಮೇಲೆ ಕೂತು ಯಾವುದೋ ಮೋಟರಿಗೆ ತಂತಿ ಸುತ್ತುತ್ತಿದ್ದರು. ನನ್ನನ್ನು ನೋಡಿ ಸುತ್ತುವುದನ್ನು ನಿಲ್ಲಿಸಿದರು. ಹೆಂಡತಿಯ ಕಡೆ ನೋಡಿದರು. ಅವಳು ರಸ್ತೆ ನೋಡುತ್ತಿದ್ದಳು.

"ಭಾವ" ಎಂದೆ. "ಗಾಳಿ ಆ ಕಡೆ ಹೋಗ್ತಿದೆ."

"ಯಾವ ಕಡೆ?"

ಮತ್ತೆ ರೇಗಿತು. ಹಲ್ಲು ಕಚ್ಚಿಕೊಂಡೆ. ನೇರ ಹೋಗಿ ವ್ಯಾನಿನ ಮೂತಿಯ ಮುಂದೆ ನಿಂತು, "ಇಲ್ಲಿ ಬನ್ನಿ. ನನ್ನ ಪಕ್ಕದಲ್ಲಿ ನಿಂತ್ಕೊಳ್ಳಿ" ಎಂದೆ. ಬಂದರು. ನಾನು ಕೈಚಾಚಿ ರೇಡಿಯೇಟರಿನಿಂದ ಎಂಜಿನ್ ಕಡೆಗೆ ತೋರಿಸಿದೆ. "ಹೀಗೆ ಹೋಗ್ಬೇಕು. ಈಗ ಹೀಗೆ ಬರ್ತಿದೆ."

ಭಾವ ಕಟ್ಟೆಯೊಡೆದಂತೆ ಶುರುಮಾಡಿದರು. "ಹೀಗೇ ಹೋಗ್ಬೇಕು ಅಂತ ನಂಗೆ ಗೊತ್ತಿಲ್ವೇನಯ್ಯ? ಮೊದಲು ಹಾಗೇ ಹಾಕಿದ್ದೆ! ನಮ್ಮ ಕಡೆ ಬರ್ಬೇಕು ಅಂತ ಹೇಳಿ ಕಳಿಸ್ದೆ. ಯಾರ ಕಡೆ ಅಂತ ಕೇಳಿಸಿದ್ರೆ ಇವಳ ಮೇಲೆ ಕೂಗಾಡಿದೆ, ತಗಡಿನಲ್ಲಿ ಎಲ್ಲಾ ಕೇಳಿಸ್ತು. ಏನೋ ಎಂಜಿನ್ ಲೆಕ್ಕ ಇರ್ಬೇಕು ಅಂತ ಬಿಚ್ಚಿ ತಿರುಗಿಸಿ ಹಾಕಿದೆ. ಬಲ್ಬ್ ಹಾಕೋರಿಗೆ ಎಂಜಿನ್ ವಿಷಯ ಯಾಕೆ ಅಂತ ನೀನೇ ಅಲ್ವಾ ಅಂದಿದ್ದು?"

"ಆಮೇಲೆ ಇಷ್ಟು ದಿನ ಗಾಡಿ ಕಾದು ಸಾಯ್ತಿದ್ರೂ ಅನುಮಾನ ಬರ್ಲಿಲ್ವಾ ನಿಮಗೆ?"

"ಬರದೆ ಏನು! ನೀನು ಎಂಜಿನ್ ಓಡಿಸಿಟ್ಟಾಗೆಲ್ಲ ಈ ತಗಡು ಕಾದು ಹಂಚಾಗ್ತಿತ್ತು. ಕೈ ಇಡೋಕಾಗ್ತಿರಲಿಲ್ಲ. ಇವಳ ಹತ್ರ ಹೇಳಿ ಕಳಿಸೋಣ ಅಂದ್ಕೊಂಡೆ. ಪ್ರತಿ ಸಲ ನೀನು ಇವಳ ಮೇಲೇ ರೇಗ್ತೀಯ ಅಂತ ಸುಮ್ಮನಾದೆ."

ಬೈಯಲು ಬಾಯಿ ತೆರೆದವನು ತಗಡಿನ ಕಡೆ ತಿರುಗಿ ನೋಡಿದೆ. ನನ್ನ ಇಷ್ಟು ದಿನದ ಬಿಸಿಯೆಲ್ಲ ಆ ತಗಡಿಗೆ ಬಡಿದು ಭಾವನ ಅಂಗಡಿಗೆ ಹೋಗುತ್ತಿತ್ತು. ಅವರಿಗೆ ಗೊತ್ತಿತ್ತು. ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಒಂದು ಕೂಗು ಹಾಕುವ ಸ್ಥಿತಿಯಲ್ಲಿ ಅವರನ್ನು ನಾನೇ ಇಟ್ಟಿರಲಿಲ್ಲ.

ಭಾವ ಕಟಿಂಗ್ ಪ್ಲೇಯರ್ ತಂದರು. ನಾನು ಫ್ಯಾನಿನ ಜಾಲರಿ ಬಿಚ್ಚಿಕೊಟ್ಟೆ. ಅವರು ಟೇಪು ಸುಲಿದು ಎರಡು ಕಪ್ಪು ತಂತಿಗಳನ್ನು ಕತ್ತರಿಸಿ, ಅದನ್ನು ಇದಕ್ಕೆ, ಇದನ್ನು ಅದಕ್ಕೆ ಸೇರಿಸಿ ಸುತ್ತಿದರು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಇದಕ್ಕಾಗಿ ನಾನು ಪಂಪು, ಮುಚ್ಚಳ, ಪಾತ್ರೆ ಎಲ್ಲವನ್ನೂ ಬಲಿ ಕೊಟ್ಟಿದ್ದೆ. ಇದಕ್ಕಾಗಿ ಮೇಷ್ಟ್ರು ಕುರ್ಚಿಯಲ್ಲಿ ಕೂತು ಬೆಳಗು ಮಾಡಿದ್ದರು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಎಂಜಿನ್ ಚಾಲೂ ಮಾಡಿ ಫ್ಯಾನು ಏಳುವ ತನಕ ಕಾದೆವು. ಮೇಷ್ಟ್ರು ಪೇಪರಿನ ಹಾಳೆಯನ್ನು ತಾವೇ ಮೂತಿಗೆ ಹಿಡಿದು ಕೈಬಿಟ್ಟರು. ಹಾಳೆ ಅಲ್ಲೇ ಅಂಟಿ ನಿಂತಿತು. ಅವರು ಅದರಲ್ಲಿ ಕಾಣುತ್ತಿದ್ದ ಜಾಹೀರಾತನ್ನು ಪೂರ್ತಿ ಓದಿ ಮುಗಿಸಿದರೂ ಬೀಳಲಿಲ್ಲ. ಅಕ್ಕ ಸೀಟಿನಿಂದಲೇ ನೋಡುತ್ತಿದ್ದಳು. ಅವಳು ಭಾವನನ್ನಾಗಲಿ ನನ್ನನ್ನಾಗಲಿ ಹೊಗಳಲಿಲ್ಲ.

ಮರುದಿನ ಅವಳು ರೋಗಿಗಳನ್ನು ಹತ್ತಿಸಿಕೊಂಡು ಹೋದ ಮೇಲೆ ನನಗೆ ಯಾವ ಕೆಲಸವೂ ಕೈಹತ್ತಲಿಲ್ಲ. ತಗಡಿನಾಚೆಯೂ ಸದ್ದಿರಲಿಲ್ಲ. ಕಡೆಗೆ ಫೋನ್ ಬಂತು.

"ತಲುಪಿದ್ವಿ" ಎಂದಳು. "ಹೀಟರ್ ಹಾಕ್ಲೇ ಇಲ್ಲ. ತಿರುವಲ್ಲಿ ಸೂಜಿ ನಡುವೇನೇ ಇತ್ತು. ಮೇಷ್ಟ್ರಿಗೆ ವರದಿ ಮಾಡೋಕೆ ಏನೂ ಸಿಗಲಿಲ್ಲ ಅಂತ ಬೇಜಾರು. ಈಗ ಒಳಗೆ ಕರ್ಕೊಂಡು ಹೋದ್ರು."

"ಸರಿ ಅಕ್ಕ, ಸದ್ಯ! ಹಾಗೇ ಭಾವನಿಗೂ ಒಂದು ಮಾತು ಹೇಳಿ..."

ಫೋನ್ ನೋಡಿದರೆ ಅವಳು ಆಗಲೇ ಇಟ್ಟಿದ್ದಳು.

ಸಿಟ್ಟು ಬಂತು, ಇಲ್ಲವೆನ್ನಲಾರೆ. ಇಷ್ಟು ಸಣ್ಣ ಮಾತಿಗೂ ನಾನೇ ಹೋಗಬೇಕೇ ಎನ್ನಿಸಿತು. ಕೈ ಒರೆಸಿಕೊಂಡು ಹೊರಗೆ ಬಂದು ತಗಡನ್ನು ಸುತ್ತಿಕೊಂಡು ಹೋದೆ. ಭಾವ ಸ್ಟೂಲಿನ ಮೇಲೆ, ಕೈಯಲ್ಲಿ ಕೆಲಸವಿಲ್ಲದೆ, ರಸ್ತೆಗೆ ಮುಖ ಮಾಡಿ ಕೂತಿದ್ದರು. ಅವರಿಗೂ ಫೋನ್ ಬಂದಿರಲಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು.

"ತಲುಪಿದ್ರಂತೆ" ಎಂದೆ.

"ಯಾರು?" ಎಂದರು ಭಾವ, ಬೇಕೆಂದೇ.

"ನಮ್ಮ ಕಡೆಯವರು."

ಅವರು ಈ ಸಲ ಯಾರ ಕಡೆ ಎಂದು ಕೇಳಲಿಲ್ಲ. ಕಾಲಿನಿಂದ ಇನ್ನೊಂದು ಸ್ಟೂಲನ್ನು ನನ್ನತ್ತ ತಳ್ಳಿದರು.